ಗುಬ್ಬಿ ವೀರಣ್ಣ: ಅಬ್ಬರವೂ ನಿಜ, ನಗುವೂ ನಿಜ

ಮದ್ದೂರು, ಮಳವಳ್ಳಿ ಕಡೆ ಹಬ್ಬ, ಜಾತ್ರೆ ಬಂತೆಂದರೆ ಯಾವುದಾದರೂ ಒಂದು ಊರಲ್ಲಿ ‘ಕುರುಕ್ಷೇತ್ರ’ ನಾಟಕ ಇದ್ದೇ ಇರುತ್ತದೆ. ನಮ್ಮ ಸೋಮನಹಳ್ಳಿ ಸುತ್ತಮುತ್ತಲೂ ಅಷ್ಟೇ. ಹಗಲೆಲ್ಲ ಕಬ್ಬಿನ ಗದ್ದೆಗೆ ನೀರು ಕಟ್ಟಿದವರು, ಆಲೆಮನೆಯಲ್ಲಿ ದುಡಿದವರು ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ತಿಂಗಳುಗಟ್ಟಲೆ ಹಾಡು, ಮಾತು ಕಲಿಯುತ್ತಾರೆ. ಪಾತ್ರಕ್ಕೆ ಇಷ್ಟು ಅಂತ ಕೈಯಿಂದಲೇ ಹಣ ಹಾಕಿ, ಬಾಡಿಗೆಗೆ ಸೀನರಿ ಕಟ್ಟಿಸಿ, ಗದೆ ಹೊತ್ತು ಬೆಳಗಿನ ಜಾವದವರೆಗೆ ಅಬ್ಬರಿಸುತ್ತಾರೆ. ಮುಂದೆ ಕೂತ ನಮ್ಮ ವಯಸ್ಸಿನವರು ಮೊಬೈಲಿನಲ್ಲಿ ಅದನ್ನು ಸೆರೆಹಿಡಿದು ‘ಓವರ್ ಆ್ಯಕ್ಟಿಂಗ್’ ಎಂದು ಸ್ಟೇಟಸ್ ಹಾಕುತ್ತಾರೆ.

ಅಷ್ಟು ಜೋರಾಗಿ ಕೂಗುವ ದುರ್ಯೋಧನ ಆ ಕ್ಷಣಕ್ಕೆ ಎಲ್ಲವನ್ನೂ ನಂಬಿ ಕೂಗುತ್ತಾನೋ, ಅತಿ ಎಂದು ಗೊತ್ತಿದ್ದೇ ಕೂಗುತ್ತಾನೋ? ಈ ಪ್ರಶ್ನೆ ನಮ್ಮ ಹಳ್ಳಿಗೆ ಮಾತ್ರ ಸೇರಿದ್ದಲ್ಲ. ಕ್ವೀನ್ ತಂಡದ ಫ್ರೆಡ್ಡಿ ಮರ್ಕ್ಯುರಿ 1975ರಲ್ಲಿ ರಾಕ್ ಹಾಡಿನ ನಡುವೆ ಒಪೆರಾ ತುರುಕಿದಾಗ, 1977ರಲ್ಲಿ ಮೀಟ್ ಲೋಫ್ ಎಂಬ ಗಾಯಕ ಪ್ರೇಮ, ಸಾವು, ಮೋಟರ್ ಸೈಕಲ್ಲುಗಳನ್ನು ಗಂಟಲು ಹರಿಯುವಂತೆ ಹಾಡಿದಾಗ ಅಲ್ಲಿಯವರೂ ಇದನ್ನೇ ಕೇಳಿದರು. ನಮ್ಮಲ್ಲಿ ಇದಕ್ಕೆ ಉತ್ತರ ಹುಡುಕುವವರು ಒಬ್ಬರ ಬದುಕನ್ನು ಓದಬೇಕು. ಅವರೇ ಗುಬ್ಬಿ ವೀರಣ್ಣ.

ವೀರಣ್ಣ ಹುಟ್ಟಿದ್ದು 1891ರಲ್ಲಿ, ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ. ಅವರು ಹುಟ್ಟುವ ಮೊದಲೇ, 1884ರಲ್ಲಿ, ಆ ಊರಿನ ಆಸಕ್ತರು ಸೇರಿ ಒಂದು ನಾಟಕ ತಂಡ ಕಟ್ಟಿದ್ದರು. ಅದೇ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ. ಬಾಲಕನಾಗಿದ್ದಾಗಲೇ ಕಂಪನಿ ಸೇರಿದ ವೀರಣ್ಣನಿಗೆ ಅದೇ ಮನೆ, ಅದೇ ಶಾಲೆ. ಸಣ್ಣಪುಟ್ಟ ಪಾತ್ರ ಮಾಡುತ್ತ, ಹಾಡು, ಮಾತು, ಹೆಜ್ಜೆ ಎಲ್ಲವನ್ನೂ ರಂಗದ ಮೇಲೇ ಕಲಿತರು. 1917ರಲ್ಲಿ ಕಂಪನಿಯ ಒಡೆತನ ಅವರ ಕೈಗೆ ಬಂತು. ಆಗ ಅವರಿಗೆ 26 ವರ್ಷ. ಇಂದಿನ ಲೆಕ್ಕದಲ್ಲಿ ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವ ವಯಸ್ಸು.

ಕುತೂಹಲದ ಸಂಗತಿಯೆಂದರೆ, ವೀರಣ್ಣ ಹೆಸರು ಮಾಡಿದ್ದು ರಾಜ, ಮಹಾರಾಜರ ಪಾತ್ರಗಳಿಂದಲ್ಲ. ಅವರು ಹಾಸ್ಯನಟ. ಬೆಳ್ಳಾವೆ ನರಹರಿ ಶಾಸ್ತ್ರಿಗಳ ‘ಸದಾರಮೆ’ಯಲ್ಲಿ ಅವರು ಮಾಡುತ್ತಿದ್ದ ಕಳ್ಳನ ಪಾತ್ರವನ್ನು ನೋಡಲೆಂದೇ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಎದುರಿಗೆ ಸದಾರಮೆಯ ಸಂಕಟ, ಪಕ್ಕದಲ್ಲೇ ಕಳ್ಳನ ಚೇಷ್ಟೆ. ಅಳುತ್ತಿದ್ದ ಪ್ರೇಕ್ಷಕ ಕಣ್ಣು ಒರೆಸಿಕೊಳ್ಳುವ ಮೊದಲೇ ನಕ್ಕುಬಿಡುತ್ತಿದ್ದ. ಹಾಗೆ ನಕ್ಕಿದ್ದರಿಂದ ಮುಂದಿನ ಅಳು ಕಮ್ಮಿಯಾಗುತ್ತಿರಲಿಲ್ಲ.

ಹೀಗೆ ನಗಿಸುತ್ತಿದ್ದ ಮನುಷ್ಯನೇ ಕನ್ನಡ ರಂಗಭೂಮಿಯಲ್ಲಿ ಎಲ್ಲರಿಗಿಂತ ದೊಡ್ಡ ಅಬ್ಬರವನ್ನೂ ಕಟ್ಟಿದ. ಬಣ್ಣಬಣ್ಣದ ಪರದೆ, ಝಗಮಗಿಸುವ ಬೆಳಕು, ಕಣ್ಣೆದುರೇ ಬದಲಾಗುವ ದೃಶ್ಯಗಳಿಂದ ‘ದಶಾವತಾರ’ದಂತಹ ನಾಟಕಗಳು ಹೆಸರಾದವು. 1934ರಲ್ಲಿ ‘ಕುರುಕ್ಷೇತ್ರ’ ಆಡಿದಾಗ ವೀರಣ್ಣ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ಇಳಿಸಿದರು. ಯುದ್ಧವೆಂದರೆ ಯುದ್ಧದ ಹಾಗೇ ಕಾಣಬೇಕು ಎಂಬ ಹಟ ಅದು. ಇದು ಅತಿ ಎಂದು ಅವರಿಗೆ ಗೊತ್ತಿರಲಿಲ್ಲವೇ? ಟಿಕೆಟ್ ಲೆಕ್ಕ ನೋಡುವ ಕಂಪನಿಯ ಯಜಮಾನರಿಗೆ ಗೊತ್ತಿಲ್ಲದೆ ಇರುತ್ತದೆಯೇ! ಗೊತ್ತಿದ್ದೇ ಮಾಡಿದರು. ಆದರೆ ಆನೆಯನ್ನು ರಂಗಕ್ಕೆ ತರಬೇಕೆಂದರೆ ಮಾವುತ ಬೇಕು, ಮೇವು ಬೇಕು, ಅದರ ಭಾರ ತಡೆಯುವ ರಂಗ ಬೇಕು, ಅದರ ಪಕ್ಕದಲ್ಲಿ ಹೆದರದೆ ಹಾಡುವ ನಟ ಬೇಕು. ಬರೀ ತಮಾಷೆಗೆ ಇಷ್ಟು ಕಷ್ಟವನ್ನು ಯಾರೂ ಮೈಮೇಲೆ ಹಾಕಿಕೊಳ್ಳುವುದಿಲ್ಲ.

ಪ್ರೇಕ್ಷಕರೂ ಈ ಆಟದಲ್ಲಿ ಪಾಲುದಾರರೇ. ಕಂಪನಿ ನಾಟಕಗಳಲ್ಲಿ ಹಾಡು ಚೆನ್ನಾಗಿದ್ದರೆ ಜನ ‘ಒನ್ಸ್ ಮೋರ್’ ಎಂದು ಕೂಗುತ್ತಿದ್ದರು. ಸತ್ತು ಬಿದ್ದ ಪಾತ್ರವೂ ಎದ್ದು ಮತ್ತೊಮ್ಮೆ ಹಾಡಿ ಮತ್ತೆ ಸಾಯಬೇಕಿತ್ತು. ಇದು ನಾಟಕ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಾಗಿದ್ದೂ ಎರಡನೇ ಸಲ ಸತ್ತಾಗಲೂ ಅಳುತ್ತಿದ್ದರು. ನಂಬಿಕೆ, ತಿಳಿವಳಿಕೆ ಎರಡೂ ಒಂದೇ ಚಾಪೆಯ ಮೇಲೆ ಕೂತಿರುತ್ತಿದ್ದವು.

ಇದನ್ನು ಒಪ್ಪದವರು ಆಗಲೂ ಇದ್ದರು. ಟಿ.ಪಿ. ಕೈಲಾಸಂ 1918ರಲ್ಲಿ ‘ಟೊಳ್ಳುಗಟ್ಟಿ’ ಬರೆದು, ರಾಜರಾಣಿಯರ ಬದಲು ಮಧ್ಯಮ ವರ್ಗದ ಮನೆಯನ್ನು, ಗ್ರಾಂಥಿಕ ಮಾತಿನ ಬದಲು ಮನೆಮಾತನ್ನು ರಂಗಕ್ಕೆ ತಂದರು. ಓದಿದವರ ಕಣ್ಣಿಗೆ ಕಂಪನಿ ನಾಟಕ ಕೃತಕವಾಗಿ ಕಾಣತೊಡಗಿತು. ಆ ಟೀಕೆಯಲ್ಲಿ ಹುರುಳಿತ್ತು. ಕೈಲಾಸಂ ಬರದಿದ್ದರೆ ಕನ್ನಡ ನಾಟಕ ಅಷ್ಟರಲ್ಲೇ ನಿಲ್ಲುತ್ತಿತ್ತು. ಆದರೆ ಮೆಲ್ಲಗೆ ಮಾತಾಡಿದ್ದೆಲ್ಲ ನಿಜ, ಜೋರಾಗಿ ಹೇಳಿದ್ದೆಲ್ಲ ಸುಳ್ಳು ಎಂಬ ಹೊಸ ನಂಬಿಕೆಯೂ ಅದರ ಜೊತೆಗೇ ಬೆಳೆಯಿತು. ಇವತ್ತು ನಾವು ಸ್ಟೇಟಸ್ ಹಾಕಿ ನಗುವುದು ಆ ನಂಬಿಕೆಯಿಂದಲೇ.

ವೀರಣ್ಣನವರ ಪ್ರಾಮಾಣಿಕತೆ ಕಾಣಬೇಕೆಂದರೆ ರಂಗದ ಮುಂದಲ್ಲ, ಹಿಂದೆ ನೋಡಬೇಕು. ಗಂಡಸರೇ ಹೆಣ್ಣು ವೇಷ ಹಾಕುತ್ತಿದ್ದ ಕಾಲದಲ್ಲಿ ಅವರು ಸ್ತ್ರೀಪಾತ್ರಗಳನ್ನು ನಟಿಯರಿಗೇ ಕೊಟ್ಟರು. ಅವರ ಪತ್ನಿ ಬಿ. ಜಯಮ್ಮ ದೊಡ್ಡ ನಟಿಯಾಗಿ ಬೆಳೆದರು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಅವರ ಕಂಪನಿಯಲ್ಲಿ ನಟಿಸುತ್ತಿದ್ದರು. ಅಪ್ಪನ ಜೊತೆ ಬಂದ ಹುಡುಗ ಮುತ್ತುರಾಜ ಮುಂದೆ ಡಾ. ರಾಜ್‌ಕುಮಾರ್ ಆದರು. ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಕೂಡ ಈ ಗರಡಿಯವರೇ. ಸಿನಿಮಾ ಬಂದಾಗ ವೀರಣ್ಣ ಹೆದರಿ ಕೂರಲಿಲ್ಲ. ಮೂಕಿ ಚಿತ್ರಕ್ಕೂ ಕೈಹಾಕಿದರು. 1935ರಲ್ಲಿ ‘ಸದಾರಮೆ’ ಟಾಕಿಯಾಯಿತು. 1954ರಲ್ಲಿ ರಾಜ್‌ಕುಮಾರ್ ನಾಯಕರಾದ ‘ಬೇಡರ ಕಣ್ಣಪ್ಪ’ದ ನಿರ್ಮಾಣದಲ್ಲೂ ಅವರ ಪಾಲಿತ್ತು.

ಇವೆಲ್ಲಕ್ಕಿಂತ ಹೆಚ್ಚು ಹೇಳುವ ಸಂಗತಿ ಬಿ.ವಿ. ಕಾರಂತರದು. ದಕ್ಷಿಣ ಕನ್ನಡದಿಂದ ಮನೆಬಿಟ್ಟು ಬಂದು ಕಂಪನಿ ಸೇರಿದ ಹುಡುಗನಿಗೆ ಓದಿನ ಹಂಬಲವಿತ್ತು. ವೀರಣ್ಣ ಅವನನ್ನು ಕಾಶಿಗೆ ಓದಲು ಕಳಿಸಿದರು. ಒಬ್ಬ ಒಳ್ಳೆ ಹಾಡುಗಾರ ಹುಡುಗನನ್ನು ಕಳೆದುಕೊಂಡರೆ ಕಂಪನಿಗೇ ನಷ್ಟ ಎಂದು ಲೆಕ್ಕ ಹಾಕಲಿಲ್ಲ. ಅದೇ ಕಾರಂತರು ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ತಾವು ಬಾಲ್ಯದಲ್ಲಿ ಕೇಳಿದ್ದ ಕಂಪನಿಯ ಮಟ್ಟುಗಳನ್ನೇ ಹೊಸ ನಾಟಕಗಳಿಗೆ ತಂದರು. ಓದಿದವರು ಯಾವುದನ್ನು ಕೃತಕ ಎಂದಿದ್ದರೋ, ಅದನ್ನೇ ಓದಿದವರ ರಂಗಭೂಮಿ ಕೈಚಾಚಿ ತೆಗೆದುಕೊಂಡಿತು.

ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ವೀರಣ್ಣನವರಿಗೆ 1955ರಲ್ಲಿ ಬಂತು, ಪದ್ಮಶ್ರೀ 1972ರಲ್ಲಿ. ಅದೇ ವರ್ಷ ಅವರು ತೀರಿಕೊಂಡರು. ರಾಜ್ಯ ಸರ್ಕಾರ ರಂಗಕರ್ಮಿಗಳಿಗೆ ಅವರ ಹೆಸರಿನಲ್ಲೇ ಪ್ರಶಸ್ತಿ ಕೊಡುತ್ತಿದೆ. ಮೊಮ್ಮಗಳು ಬಿ. ಜಯಶ್ರೀ ಅವರ ಕಂಠದಲ್ಲಿ ಆ ಹಾಡುಗಳು ಇಂದಿಗೂ ಕೇಳುತ್ತವೆ.

ಹಾಗಾದರೆ ಅಬ್ಬರ ನಿಜವೋ, ನಾಟಕವೋ? ವೀರಣ್ಣನವರ ಬದುಕು ಹೇಳುವುದು ಇಷ್ಟೇ: ಅತಿ ಎಂದು ಗೊತ್ತಿದ್ದೂ ಮನಸಾರೆ ಮಾಡಬಹುದು. ಸುಳ್ಳಾಗುವುದು ದನಿ ಎತ್ತರಿಸಿದಾಗಲ್ಲ, ದನಿಯ ಹಿಂದೆ ದುಡಿಮೆ ಇಲ್ಲದಾಗ. ಕಾಲೇಜಿನಲ್ಲಿ, ಸಂದರ್ಶನದ ಕೋಣೆಯಲ್ಲಿ, ಗೆಳೆಯರ ನಡುವೆ ನಾವು ಯಾವುದನ್ನೂ ಪೂರ್ತಿ ಮನಸ್ಸಿನಿಂದ ಮಾಡದೆ, ಯಾರಾದರೂ ನಕ್ಕಾರು ಎಂದು ಮೊದಲೇ ನಾವೇ ನಕ್ಕುಬಿಡುತ್ತೇವೆ. ವೀರಣ್ಣನೂ ನಗುತ್ತಿದ್ದರು. ಆದರೆ ನಕ್ಕು ಹಿಂದೆ ಸರಿಯುತ್ತಿರಲಿಲ್ಲ, ಆನೆಯನ್ನೂ ತರುತ್ತಿದ್ದರು.