ಮರೆಹೊಕ್ಕವನನ್ನು ಬಿಟ್ಟುಕೊಡದ ರಾಣಿ



ಕೆಳದಿಯ ಚೆನ್ನಮ್ಮನ ಕಥೆಯನ್ನು ನೀವು ಶಾಲೆಯಲ್ಲಿ ಓದಿರುತ್ತೀರಿ. ಬ್ರಿಟಿಷರನ್ನು ಎದುರಿಸಿದ ಕಿತ್ತೂರಿನ ರಾಣಿಯಲ್ಲ. ಆಕೆಗಿಂತ ಶತಮಾನಕ್ಕೂ ಮೊದಲು ಮಲೆನಾಡನ್ನೂ ಕರಾವಳಿಯನ್ನೂ ಆಳಿದವಳು ಈಕೆ. ಮಂಗಳೂರು ಸೀಮೆಯಿಂದ ಬೆಂಗಳೂರಿಗೆ ಬಂದು ನೆಲೆಸಿದ ನಮ್ಮ ಅನೇಕ ಕುಟುಂಬಗಳು ಈಕೆಯ ನಾಡಿಗೆ ಋಣಿ ಎಂಬುದನ್ನು ಮಾತ್ರ ನಾವು ನೆನೆಯುವುದು ಕಡಿಮೆ.

ವ್ಯಾಪಾರಿಯೊಬ್ಬನ ಮಗಳಾದ ಚೆನ್ನಮ್ಮ 1667ರಲ್ಲಿ ಸೋಮಶೇಖರ ನಾಯಕನ ಕೈಹಿಡಿದು ಬಿದನೂರಿನ ಅರಮನೆ ಸೇರಿದಳು. ಕೆಲವೇ ವರ್ಷಗಳಲ್ಲಿ ಅರಸನ ಕೊಲೆಯಾಯಿತು. ಮಕ್ಕಳಿಲ್ಲದ ವಿಧವೆಯ ರಾಜ್ಯವನ್ನು ಕಬಳಿಸಲು ಬಿಜಾಪುರದ ಸೇನೆ ಬಂತು. ಒಳಗಿನವರೂ ಸಂಚು ಹೂಡಿದರು. ಆಕೆ ಎದೆಗುಂದಲಿಲ್ಲ. ಬಸಪ್ಪನೆಂಬ ಬಾಲಕನನ್ನು ದತ್ತು ಪಡೆದು ಸುಮಾರು ಇಪ್ಪತ್ತೈದು ವರ್ಷ ರಾಜ್ಯವಾಳಿದಳು.

ಗೋವೆಯ ಕ್ರೈಸ್ತರು ದಕ್ಷಿಣಕ್ಕೆ ವಲಸೆ ಬರುತ್ತಿದ್ದ ಕಾಲವದು. ಬರಗಾಲ, ಯುದ್ಧ, 1560ರಲ್ಲಿ ಆರಂಭವಾದ ಇನ್‌ಕ್ವಿಸಿಷನ್ ವಿಚಾರಣೆಯ ಭಯ ಇವೆಲ್ಲ ಅವರನ್ನು ಊರು ಬಿಡಿಸಿದವು. 1683ರಲ್ಲಿ ಮರಾಠರ ದೊರೆ ಸಂಭಾಜಿ ಗೋವೆಯ ಮೇಲೆ ದಂಡೆತ್ತಿ ಬಂದಾಗ ಇನ್ನಷ್ಟು ಜನ ಹೊರಟರು. ವೀರಶೈವ ಅರಸರ ಕೆಳದಿ ನಾಡು ಈ ಅನ್ಯಮತದವರಿಗೆ ಉಳುಮೆಗೆ ಭೂಮಿ ಕೊಟ್ಟಿತು. ಸಂತ ಜೋಸೆಫ್ ವಾಜ್ 1681ರಿಂದ 1684ರವರೆಗೆ ಕರಾವಳಿಯಲ್ಲಿ ಸೇವೆ ಸಲ್ಲಿಸಿದ್ದೂ ಚೆನ್ನಮ್ಮನ ಆಳ್ವಿಕೆಯಲ್ಲಿಯೇ.

1689ರಲ್ಲಿ ಔರಂಗಜೇಬನು ಸಂಭಾಜಿಯನ್ನು ಸೆರೆಹಿಡಿದು ಕೊಲ್ಲಿಸಿದನು. ಅವನ ತಮ್ಮ ರಾಜಾರಾಮ ವೇಷ ಮರೆಸಿಕೊಂಡು, ಜಿಂಜಿಯ ಕೋಟೆ ಸೇರಲೆಂದು ಕೆಳದಿಯ ಗಡಿಯೊಳಗೆ ಬಂದು ಆಶ್ರಯ ಬೇಡಿದನು. ಅಣ್ಣನ ದಾಳಿಗೆ ಹೆದರಿ ಓಡಿಬಂದವರಿಗೆ ನೆಲೆಯಿತ್ತ ನಾಡಿನ ಬಾಗಿಲಲ್ಲಿ ಈಗ ತಮ್ಮನೇ ನಿಂತಿದ್ದನು! ಅವನನ್ನು ಒಪ್ಪಿಸಿಬಿಟ್ಟರೆ ಮೊಘಲರ ಸ್ನೇಹ, ಕಾಪಾಡಿದರೆ ಯುದ್ಧ. ರಾಣಿ ಕಾಪಾಡಿದಳು, ಕ್ಷೇಮವಾಗಿ ಮುಂದಕ್ಕೆ ಸಾಗಿಸಿದಳು. ಮೊಘಲ್ ಸೈನ್ಯ ಏರಿಬಂದಾಗ ಎದುರಿಸಿ ನಿಂತಳು. ಕೊನೆಗೆ ಒಂದಿಷ್ಟು ಹಣ ತೆತ್ತು ಸಂಧಿ ಮಾಡಿಕೊಂಡಳು. ಸಾಯುವಾಗ ರಾಜ್ಯ ಬಸಪ್ಪನ ಕೈಯಲ್ಲಿ ಭದ್ರವಾಗಿತ್ತು.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಿ. ರಾಜಾರಾಮನನ್ನು ಚೆನ್ನಮ್ಮ ಶಾಶ್ವತವಾಗಿ ಇಟ್ಟುಕೊಳ್ಳಲಿಲ್ಲ. ಗಡಿ ಕಾಯುವುದು, ಯಾರು ನೆಲೆಸಬೇಕೆಂದು ನಿರ್ಧರಿಸುವುದು ಅರಸರ ಧರ್ಮವೇ. ಆದರೆ ಪ್ರಾಣಭಯದಿಂದ ಬಂದವನನ್ನು ಕೊಲ್ಲುವವನ ಕೈಗೆ ಮರಳಿಸುವುದು ಬೇರೆಯೇ ಮಾತು. ಅದನ್ನು ಆಕೆ ಮಾಡಲಿಲ್ಲ. ನಿರಾಶ್ರಿತರ ಕುರಿತ 1951ರ ಅಂತಾರಾಷ್ಟ್ರೀಯ ಒಪ್ಪಂದದ ತಿರುಳೂ ಇದೇ. ಭಾರತ ಅದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗಾಗಿ ಪ್ರತ್ಯೇಕ ಕಾನೂನೂ ನಮ್ಮಲ್ಲಿಲ್ಲ. ಆದರೂ ಬೈಲಕುಪ್ಪೆಯಲ್ಲಿ ಟಿಬೆಟಿನವರಿಗೆ ನಮ್ಮ ನಾಡು ನೆಲೆ ಕೊಟ್ಟಿತು. ಸಂವಿಧಾನದ 21ನೇ ವಿಧಿ ನಾಗರಿಕರಲ್ಲದವರ ಪ್ರಾಣವನ್ನೂ ರಕ್ಷಿಸುತ್ತದೆಂದು 1996ರಲ್ಲಿ ಚಕ್ಮಾ ಜನರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಬ್ರೂಕ್‌ಫೀಲ್ಡ್‌ನ ನಮಗೆ ಇದು ದೂರದ ಮಾತಲ್ಲ. 2020ರ ಜನವರಿಯಲ್ಲಿ ಇಲ್ಲೇ ಸಮೀಪದ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶದವರೆಂಬ ಆಪಾದನೆಯ ಮೇಲೆ ಕೂಲಿಕಾರರ ಗುಡಿಸಲುಗಳನ್ನು ಕೆಡವಲಾಯಿತು. ಅಲ್ಲಿದ್ದವರಲ್ಲಿ ಉತ್ತರ ಕರ್ನಾಟಕದ ನಮ್ಮವರೇ ಇದ್ದರು! ಮುಂದಿನ ತೆರವನ್ನು ಹೈಕೋರ್ಟ್ ತಡೆಯಿತು.

ನಿಮ್ಮ ಮನೆಗೆ ಕೆಲಸ ಕೇಳಿಕೊಂಡೋ, ಬಾಡಿಗೆಗೆ ಕೋಣೆ ಹುಡುಕಿಕೊಂಡೋ ಅಪರಿಚಿತರು ಬಂದಾಗ ಗುರುತಿನ ಚೀಟಿ ಕೇಳಿ, ತಪ್ಪಿಲ್ಲ. ಆದರೆ ಅವರ ಭಾಷೆ ಕೇಳಿದೊಡನೆ ಕಳ್ಳನುಸುಳುಕೋರರೆಂದು ತೀರ್ಮಾನಿಸಬೇಡಿ. ನಮ್ಮ ಹಿರಿಯರು ಮೂಟೆ ಹೊತ್ತು ಕೆಳದಿಯ ಗಡಿಗೆ ಬಂದಾಗ ಅವರ ಮಾತೂ ಮತವೂ ಅಲ್ಲಿಯವರಿಗೆ ಹೊಸದಾಗಿಯೇ ಇದ್ದವು.