ಕಾಂಗ್ರೆಸ್ ಸ್ಥಾಪಕ ಹ್ಯೂಮ್ ರಣಹದ್ದಿನ ಗೂಡು ಹುಡುಕುತ್ತಿದ್ದರು ಎಂಬುದು ನಿಜವೇ?

ಎ.ಒ. ಹ್ಯೂಮ್ ಹೆಸರು ವಾಟ್ಸ್‌ಆ್ಯಪ್‌ನಲ್ಲಿ ಬರುವುದು ಹೆಚ್ಚಾಗಿ ರಾಜಕೀಯದ ಜಗಳಕ್ಕೆ. ಕಾಂಗ್ರೆಸ್ಸನ್ನು ಕಟ್ಟಿದ್ದು ಒಬ್ಬ ಬ್ರಿಟಿಷ್ ಅಧಿಕಾರಿ ಎಂಬ ಒಂದು ಸಾಲು, ಜೊತೆಗೊಂದು ದೊಡ್ಡ ಮೀಸೆಯ ಫೋಟೊ. ಅದು ಅರ್ಧ ನಿಜ. 1885ರ ಡಿಸೆಂಬರ್‌ನಲ್ಲಿ ಮುಂಬೈ ಅಧಿವೇಶನಕ್ಕೆ 72 ಪ್ರತಿನಿಧಿಗಳು ಬಂದಿದ್ದರು. ಅವರನ್ನು ಸೇರಿಸಲು ಓಡಾಡಿದವರಲ್ಲಿ ಹ್ಯೂಮ್ ಮುಂದಿದ್ದರು. ಹಕ್ಕಿಗಳ ವಿಷಯ ಮಾತ್ರ ಪೂರ್ತಿ ನಿಜ.

1829ರಲ್ಲಿ ಹುಟ್ಟಿದ ಹ್ಯೂಮ್ 20ನೇ ವಯಸ್ಸಿಗೆ ಭಾರತಕ್ಕೆ ಬಂದು ಇಟಾವಾದಲ್ಲಿ ಅಧಿಕಾರಿಯಾದರು. ಅಲ್ಲಿ ಉಚಿತ ಶಾಲೆಗಳನ್ನು ತೆರೆದರು, ಹಕ್ಕಿಗಳನ್ನು ಸಂಗ್ರಹಿಸಿದರು. 1857ರ ದಂಗೆಯಲ್ಲಿ ಆ ಸಂಗ್ರಹ ನಾಶವಾಯಿತು. ಮತ್ತೆ ಮೊದಲಿನಿಂದ ಶುರು ಮಾಡಿದರು.

1867ರಲ್ಲಿ ಸಿಕ್ಕಿದ್ದು ವಿಚಿತ್ರ ಕೆಲಸ. ಉಪ್ಪಿನ ಕಳ್ಳಸಾಗಣೆ ತಡೆಯಲು ಬ್ರಿಟಿಷರು ಉತ್ತರ ಭಾರತಕ್ಕೆ ಅಡ್ಡಲಾಗಿ ಸುಂಕದ ಗಡಿ ಎಳೆದಿದ್ದರು. ಅದರ ಮುಖ್ಯಸ್ಥರಾದ ಹ್ಯೂಮ್, ಒಣಮುಳ್ಳು ಒಟ್ಟಿದ್ದ ಕಡೆಯಲ್ಲೆಲ್ಲ ಜಾಲಿ, ಬೋರೆ, ಕವಳಿ, ಪಾಪಸುಕಳ್ಳಿ ನೆಡಿಸಿ ಜೀವಂತ ಬೇಲಿ ಬೆಳೆಸಲು ಹೊರಟರು. ಬಡವರ ಉಪ್ಪಿಗೆ ತೆರಿಗೆ ಹಾಕುವ ಕೆಲಸ ಇದು, ಇದರಲ್ಲಿ ಹೊಗಳುವಂಥದ್ದೇನೂ ಇಲ್ಲ. ಆದರೆ ಗಡಿಯುದ್ದಕ್ಕೂ ತಿರುಗಾಟ ಇದ್ದುದರಿಂದ ಕುರುಚಲು ಬಯಲಿನ ಹಕ್ಕಿಗಳನ್ನು ನೋಡುವ ಅವಕಾಶ ಸಿಕ್ಕಿತು. ಇಂಥ ಬಯಲಿನಲ್ಲಿ ಟಾನಿ ಹದ್ದು ಜಾಲಿಮರದ ನೆತ್ತಿಯಲ್ಲೇ ಕಡ್ಡಿ ಪೇರಿಸಿ ಗೂಡು ಕಟ್ಟುತ್ತದೆ. 1869ರಲ್ಲಿ ಬಂದ ಅವರ ಮೊದಲ ಪುಸ್ತಕದ ವಿಷಯವೇ ಬೇಟೆ ಹಕ್ಕಿಗಳು. ಹಿಮಾಲಯದ ರಣಹದ್ದಿಗೆ ವೈಜ್ಞಾನಿಕ ಹೆಸರು ಕೊಟ್ಟವರೂ ಅವರೇ.

ಯಾವ ತಿಂಗಳು, ಯಾವ ಮರ, ಎಷ್ಟು ಮೊಟ್ಟೆ, ಎಷ್ಟು ಅಳತೆ, ಎಲ್ಲವನ್ನೂ ಬರೆದಿಟ್ಟರು. ದೇಶದ ತುಂಬ ಇದ್ದ ಅಧಿಕಾರಿಗಳಿಂದ ಪತ್ರ ತರಿಸಿದರು. ಅವರ ಪತ್ರಿಕೆ ‘ಸ್ಟ್ರೇ ಫೆದರ್ಸ್’ನಲ್ಲಿ ನಮ್ಮ ಮಂಜರಾಬಾದ್, ಅಂದರೆ ಸಕಲೇಶಪುರದ ಕಡೆಯ ಹಕ್ಕಿಗಳ ಪಟ್ಟಿಯೂ ಬಂದಿದೆ.

ಇಂದಿನ ಸಮೀಕ್ಷೆಗೆ ಇಷ್ಟು ಸಾಲದು. ಮೊಟ್ಟೆ ಇಟ್ಟ ಗೂಡುಗಳಲ್ಲಿ ಎಷ್ಟರಿಂದ ಕನಿಷ್ಠ ಒಂದು ಮರಿ ಹಾರಿತು ಎಂಬುದೇ ಲೆಕ್ಕ. ಅದಕ್ಕಾಗಿ ಒಂದೇ ಗೂಡನ್ನು ಮತ್ತೆ ಮತ್ತೆ, ದೂರದಿಂದ, ದುರ್ಬೀನಿನಲ್ಲಿ ನೋಡಬೇಕು. ಕೊನೆಯಲ್ಲಿ ಒಮ್ಮೆ ಹೋಗಿ ನೋಡಿದರೆ, ಮೊದಲೇ ಹಾಳಾದ ಗೂಡುಗಳು ಕಣ್ಣಿಗೆ ಬೀಳುವುದಿಲ್ಲ. ಉಳಿದ ಗೂಡುಗಳನ್ನಷ್ಟೇ ಎಣಿಸಿ ಎಲ್ಲ ಚೆನ್ನಾಗಿದೆ ಅಂದುಕೊಳ್ಳುತ್ತೇವೆ. ಖಾಲಿ ಗೂಡು ಕಂಡರೆ ಹಕ್ಕಿ ಊರು ಬಿಟ್ಟಿತು ಎನ್ನುವುದೂ ತಪ್ಪು. ಹಲವು ಹದ್ದುಗಳಿಗೆ ಎರಡು ಮೂರು ಗೂಡು ಇರುತ್ತವೆ, ವರ್ಷಕ್ಕೊಂದನ್ನು ಬಳಸುತ್ತವೆ. ಸೆಲ್ಫಿಗಾಗಿ ಹತ್ತಿರ ಹೋದರೆ ತಾಯಿ ಎದ್ದು ಹೋಗುತ್ತದೆ, ಮೊಟ್ಟೆ ಬಿಸಿಲಿಗೆ ಕೆಡುತ್ತದೆ. ಹ್ಯೂಮ್ ಕಾಲದಂತೆ ಮೊಟ್ಟೆ ತೆಗೆಯುವುದಂತೂ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ.

ಸರ್ಕಾರದ ವಿರುದ್ಧ ಮಾತಾಡುತ್ತಿದ್ದ ಹ್ಯೂಮ್ 1879ರಲ್ಲಿ ಹುದ್ದೆ ಕಳೆದುಕೊಂಡು, 1882ರಲ್ಲಿ ನಿವೃತ್ತರಾದರು. ಇನ್ನು ಭಾರತದ ಹಕ್ಕಿಗಳ ಮಹಾಗ್ರಂಥ ಬರೆಯುವುದಷ್ಟೇ ಬಾಕಿ. ಒಂದು ಚಳಿಗಾಲ ಅವರು ಶಿಮ್ಲಾದ ಮನೆಯಲ್ಲಿ ಇಲ್ಲದಾಗ, ಕೆಲಸದವನೊಬ್ಬ 25 ವರ್ಷಗಳ ಟಿಪ್ಪಣಿಗಳನ್ನು ಬಜಾರಿನಲ್ಲಿ ರದ್ದಿಗೆ ಮಾರಿಬಿಟ್ಟಿದ್ದ.

ಈ ಸಲ ಹ್ಯೂಮ್ ಮತ್ತೆ ಶುರು ಮಾಡಲಿಲ್ಲ. 1885ರಲ್ಲಿ ಇಡೀ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಂಗೆ ದಾನ ಕೊಟ್ಟರು. ಹಕ್ಕಿಗಳು, ಮೊಟ್ಟೆಗಳು ಸೇರಿ ಸುಮಾರು 82,000. ದೇವದಾರು ಮರದ 47 ಪೆಟ್ಟಿಗೆಗಳಲ್ಲಿ ಹೋದವು. ಹಳೆಯ ಮೊಟ್ಟೆ ಯಾತಕ್ಕೆ ಬೇಕು ಎನ್ನಬೇಡಿ. 1967ರಲ್ಲಿ ಬ್ರಿಟನ್ನಿನಲ್ಲಿ ಹಳೆಯ ಸಂಗ್ರಹಗಳ ಮೊಟ್ಟೆಗಳನ್ನು ಹೋಲಿಸಿದಾಗಲೇ, 1947ರ ಹೊತ್ತಿನಿಂದ ಗಿಡುಗಗಳ ಮೊಟ್ಟೆಯ ಚಿಪ್ಪು ತೆಳುವಾಗಿರುವುದು ತಿಳಿದದ್ದು. ಕಾವಿಗೆ ಕೂತ ತಾಯಿಯ ಭಾರಕ್ಕೇ ಅವು ಒಡೆಯುತ್ತಿದ್ದವು, ಕಾರಣ ಡಿಡಿಟಿ.

ಹ್ಯೂಮ್ ಆಮೇಲೆ ಸಸ್ಯಾಹಾರಿಯಾದರು. 1894ರಲ್ಲಿ ಇಂಗ್ಲೆಂಡಿಗೆ ಮರಳಿ, ಹಕ್ಕಿಗಳನ್ನು ಬಿಟ್ಟು ಗಿಡಗಳ ಹಿಂದೆ ಬಿದ್ದರು. 1910ರಲ್ಲಿ ದಕ್ಷಿಣ ಲಂಡನ್ನಿನಲ್ಲಿ ಒಂದು ಸಸ್ಯವಿಜ್ಞಾನ ಸಂಸ್ಥೆ ಕಟ್ಟಿ, ಎರಡು ವರ್ಷಗಳ ನಂತರ ತೀರಿಕೊಂಡರು. ಆ ಸಂಸ್ಥೆ ಇಂದಿಗೂ ನಡೆಯುತ್ತಿದೆ.