ಮೌನ ಮುರಿದ ವೈದ್ಯರು

ಮಾತೃಗರ್ಭವು ಶಿಶುವಿಗೆ ಅಭೇದ್ಯವಾದ ದುರ್ಗವೆಂದು ವೈದ್ಯಶಾಸ್ತ್ರಜ್ಞರು ಬಹುಕಾಲ ನಂಬಿದ್ದರು. ಆ ನಂಬಿಕೆಯನ್ನು ಕೆಡಹಿದ ಮಿನಾಮಾತಾ ದುರಂತದೊಡನೆ ಬೆಸೆದುಕೊಂಡಿರುವ ಜಪಾನಿನ ಡಾಕ್ಟರ್ ಹಾಜಿಮೆ ಹೊಸೊಕಾವರ ಚರಿತ್ರೆಯನ್ನು ನಾವಿಂದು ವಾಚಕರ ಮುಂದಿಡುತ್ತೇವೆ.

1901ರಲ್ಲಿ ಜನಿಸಿದ ಹೊಸೊಕಾವರು ಟೋಕಿಯೋದಲ್ಲಿ ವೈದ್ಯವಿದ್ಯೆಯನ್ನು ಪಡೆದು, ಮಿನಾಮಾತಾ ಪಟ್ಟಣದ ಚಿಸ್ಸೋ ಕಾರಖಾನೆಯ ಆಸ್ಪತ್ರೆಗೆ ಮುಖ್ಯಸ್ಥರಾದರು. 1956ರ ಏಪ್ರಿಲಿನಲ್ಲಿ ನಡೆಯಲೂ ನುಡಿಯಲೂ ಆಗದ ಮಕ್ಕಳು ಅಲ್ಲಿಗೆ ಬಂದರು. ಮೇ 1ರಂದು ಆರೋಗ್ಯಾಧಿಕಾರಿಗಳಿಗೆ ವರದಿ ಹೋಯಿತು. ಕೊಲ್ಲಿಯ ಮೀನಿನ ಮೇಲೆ ಸಂದೇಹ ಬಲಿಯಿತು. 1959ರಲ್ಲಿ ವೈದ್ಯರು ಕಾರಖಾನೆಯ ಕೊಳಚೆನೀರನ್ನೇ ಆಹಾರದಲ್ಲಿ ಬೆರೆಸಿ ಬೆಕ್ಕೊಂದಕ್ಕೆ ಉಣಿಸಿದರು. 400ನೆಯ ಸಂಖ್ಯೆಯ ಆ ಬೆಕ್ಕು ಅಕ್ಟೋಬರಿನಲ್ಲಿ ಅದೇ ರೋಗಕ್ಕೆ ತುತ್ತಾಯಿತು. ಕಂಪನಿಯು ಆ ಸಂಗತಿಯನ್ನು ಅಡಗಿಸಿತು. ವೈದ್ಯರೂ ಮೌನ ವಹಿಸಿದರು.

ಇತ್ತ ಆ ಮೀನಿನ ತುಣುಕೊಂದನ್ನೂ ಬಾಯಿಗಿಡದ ಶಿಶುಗಳು ರೋಗದೊಡನೆಯೇ ಹುಟ್ಟುತ್ತಿದ್ದವು. ಅವುಗಳ ತಾಯಂದಿರಲ್ಲಿ ರೋಗಚಿಹ್ನೆಗಳು ಅತ್ಯಲ್ಪ. ಕಾರಣವೇನು? ಪಾದರಸವು ಮೂಲಧಾತುವಾದುದರಿಂದ ಕೊಳೆತು ನಾಶವಾಗುವಂಥದಲ್ಲ. ಕಾರಖಾನೆಯಿಂದ ಹರಿದ ಮೀಥೈಲ್ ಪಾದರಸವು ಮೀನಿನಲ್ಲಿ ಸಂಚಯಗೊಂಡು, ತಾಯಿಯ ರಕ್ತವನ್ನು ಸೇರಿ, ಮಾಸನ್ನು ದಾಟಿ ಗರ್ಭಸ್ಥ ಶಿಶುವಿನ ಮಿದುಳನ್ನು ಹೊಗುತ್ತಿತ್ತು. ಮಿದುಳಿನ ಕಣಗಳು ವೃದ್ಧಿಹೊಂದಿ ತಮ್ಮ ತಮ್ಮ ಸ್ಥಾನಗಳನ್ನು ಸೇರುವ ಕಾಲದಲ್ಲಿಯೇ ವಿಷವು ಆ ರಚನೆಯನ್ನು ಕೆಡಿಸುತ್ತಿತ್ತು. ಹೊಕ್ಕುಳಬಳ್ಳಿಯ ರಕ್ತದಲ್ಲಿ ಈ ವಿಷವು ತಾಯಿಯ ರಕ್ತದಲ್ಲಿರುವುದಕ್ಕಿಂತಲೂ ಅಧಿಕವಾಗಿರುವುದೆಂದು ಬಳಿಕ ಸಿದ್ಧವಾಯಿತು. ದುರ್ಗವೆನಿಸಿದ್ದುದೇ ವಿಷಕ್ಕೆ ಬಾಗಿಲಾಗಿತ್ತು! 1962ರಲ್ಲಿ 16 ಮಕ್ಕಳು ಜನ್ಮಜಾತ ರೋಗಿಗಳೆಂದು ಅಂಗೀಕೃತರಾದರು. ಜಪಾನೀಯರು ಮಕ್ಕಳ ಹೊಕ್ಕುಳಬಳ್ಳಿಯನ್ನು ಒಣಗಿಸಿ ಮನೆಯಲ್ಲಿ ಜೋಪಾನವಾಗಿಡುವರು. ಮುಂದೆ ಪರೀಕ್ಷಿಸಲಾಗಿ ಆ ಬಳ್ಳಿಗಳೇ ಸಾಕ್ಷಿ ನುಡಿದವು.

ಆದರೂ ಕೊಳಚೆಯು ಹರಿಯುವುದು ನಿಂತುದು 1968ರಲ್ಲಿ. 1970ರ ಜುಲೈಯಲ್ಲಿ, ಶ್ವಾಸಕೋಶದ ಅರ್ಬುದದಿಂದ ಹಾಸಿಗೆ ಹಿಡಿದಿದ್ದ ಹೊಸೊಕಾವರು ಬೆಕ್ಕಿನ ವೃತ್ತಾಂತವನ್ನು ನ್ಯಾಯಾಲಯಕ್ಕೆ ಆಸ್ಪತ್ರೆಯಿಂದಲೇ ತಿಳಿಸಿ, ಅಕ್ಟೋಬರಿನಲ್ಲಿ ಕಾಲವಾದರು. 1973ರ ಮಾರ್ಚಿಯಲ್ಲಿ ಕುಮಾಮೊಟೋ ನ್ಯಾಯಾಲಯವು ಕಂಪನಿಯನ್ನು ಹೊಣೆಗಾರನನ್ನಾಗಿ ಮಾಡಿತು.

ಇವರನ್ನು ದೇವರೆಂದು ಪೂಜಿಸಲೂ ಬೇಡ, ಪಾಪಿಯೆಂದು ಹಳಿಯಲೂ ಬೇಡ. ಅವರ ಕಡೆಯ ಮಾತು ನ್ಯಾಯವನ್ನು ಗೆಲ್ಲಿಸಿತು. ಅವರ ಮೌನದ ವರ್ಷಗಳನ್ನು ಯಾವ ತೀರ್ಪೂ ಹಿಂದಕ್ಕೆ ತರಲಾರದು. ಮಿನಾಮಾತಾ ಹೆಸರಿನ ಪಾದರಸದ ಒಪ್ಪಂದವನ್ನು ಭರತಖಂಡವೂ 2018ರಲ್ಲಿ ಅಂಗೀಕರಿಸಿದೆ. ಆದರೆ ಒಪ್ಪಂದವು ಕಾಗದ. ಅದಕ್ಕೆ ಜೀವ ತುಂಬುವವರು ಬಲ್ಲವರು. ಗರ್ಭಸ್ಥ ಶಿಶುವಿಗೆ ಬಾಯಿಯಿಲ್ಲ. ಅದರ ಪರವಾಗಿ ಬಲ್ಲವರು ಬಾಯಿ ತೆರೆಯಬೇಕು, ಅದೂ ಸಕಾಲದಲ್ಲಿ.